ವಾರದ ಇಂಜೆಕ್ಷನ್ ತಾಲ್ಲೂಕಿನಲ್ಲೇ ಸಿಗಲಿ

ಮಾನ್ಯರೇ,

ಎಂಡಿಎಸ್ ಎಂಬ ಮೂಳೆ ಮಜ್ಜೆಯ ಕಾಯಿಲೆಯಿಂದ ರಕ್ತಹೀನತೆ ಆದವರಿಗೆ ಬೇಕಾದ ಔಷಧಿ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲೇ ಸಿಗಬೇಕು. ಇದು ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಮಜ್ಜೆಯೇ ಸರಿಯಾಗಿ ರಕ್ತಕಣ ತಯಾರಿಸದಿದ್ದಾಗ ಸುಮ್ನೆ ಕಬ್ಬಿಣದ ಮಾತ್ರೆ ನುಂಗಿ ಪ್ರಯೋಜನವಿಲ್ಲ. ಪದೇ ಪದೇ ರಕ್ತ ಹಾಕಿಸಿದರೆ ಮೈಯಲ್ಲಿ ಕಬ್ಬಿಣ ಜಾಸ್ತಿಯಾಗಿ ಹೃದಯ, ಲಿವರ್‌ಗೆ ಪೆಟ್ಟು ಬೀಳುತ್ತದೆ. ಕೆಂಪು ರಕ್ತಕಣ ತಯಾರಿಸಲು ಮಜ್ಜೆಯನ್ನು ಪ್ರಚೋದಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್ ಹಲವರಲ್ಲಿ ರಕ್ತ ಹಾಕಿಸುವ ಅಗತ್ಯವನ್ನೇ ತಗ್ಗಿಸುತ್ತದೆ. 2020ರಲ್ಲಿ ಅಮೆರಿಕ ಈ ಕಾಯಿಲೆಗೆ ಬಳಸಲು ಒಪ್ಪಿಗೆ ಕೊಟ್ಟ ಲಸ್ಪಾಟರ್ಸೆಪ್ಟ್ ಎಂಬ ಔಷಧಿ ತೀರಾ ದುಬಾರಿ. ಆದರೆ ಎರಿತ್ರೊಪೊಯೆಟಿನ್ ಡಯಾಲಿಸಿಸ್ ರೋಗಿಗಳಿಗೆ ಕೊಡುವ ಔಷಧಿಯೇ ಅಲ್ವಾ, ಅದನ್ನು ಇವರಿಗೂ ಹತ್ತಿರದಲ್ಲೇ ಕೊಡಬಹುದಲ್ಲ? ಹೊಸನಗರ, ಆಗುಂಬೆ ಕಡೆಯ ಹಿರಿಯರು ಈ ಮಳೆಯಲ್ಲಿ ಪ್ರತಿ ವಾರ ದೂರದ ಊರಿಗೆ ಹೇಗೆ ಹೋಗಬೇಕು?

ತಪಾಸಣೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಆಗಲಿ. ಅಲ್ಲಿನ ಚೀಟಿ ನೋಡಿ ತಾಲ್ಲೂಕು ಆಸ್ಪತ್ರೆಯವರು ಇಂಜೆಕ್ಷನ್ ಉಚಿತವಾಗಿ ಕೊಡುವಂತೆ ಆರೋಗ್ಯ ಇಲಾಖೆ ಆದೇಶಿಸಲಿ.

– ಓರ್ವ ಓದುಗ, ತೀರ್ಥಹಳ್ಳಿ