ಮಗಳಿಗೊಂದು ಪತ್ರ: ವೇದಿಕೆಗೆ ಬಾರದ ಹನ್ನೆರಡು ದಿನ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಸಂಗೀತ ಶಿಬಿರದಲ್ಲಿ ಹನ್ನೆರಡು ದಿನ ಐದು ಜನ ಕೂತು ಶೂಬರ್ಟ್‌ನ ಕ್ವಿಂಟೆಟ್, ಅಂದರೆ ಐದು ತಂತಿವಾದ್ಯಗಳ ಕೃತಿ, ಅಭ್ಯಾಸ ಮಾಡಿದಿರಿ. ದೊಡ್ಡ ಪಿಟೀಲಿನಂಥ ನಿನ್ನ ಚೆಲ್ಲೋದಲ್ಲಿ ನೀನು ನುಡಿಸಿದ್ದು ಎರಡನೇ ಚೆಲ್ಲೋದ ಪಾಲು. ಶನಿವಾರದ ಸಂಗೀತ ಕಚೇರಿಯ ಪಟ್ಟಿ ಗೋಡೆಗೆ ಅಂಟಿಸಿದಾಗ ಅದರಲ್ಲಿ ನಿಮ್ಮ ಗುಂಪು ಇರಲಿಲ್ಲ. "ಎಲ್ಲಾ ವೇಸ್ಟ್ ಆಯ್ತು ಅಮ್ಮಾ" ಅಂದೆ. ನಾನು ಸುಮ್ಮನಿದ್ದೆ. ಬಾಯಿ ತೆರೆದಿದ್ದರೆ ಬರೀ ಸಮಾಧಾನದ ಮಾತು ಬರುತ್ತಿತ್ತು. ಅದು ನಿನಗೆ ಬೇಕಿರಲಿಲ್ಲ ಅಲ್ವಾ? ಹಾಗಾಗಿ ಬರೆಯುತ್ತಿದ್ದೇನೆ. ನೀನು ಕನ್ನಡ ಓದುವುದು ನಿಧಾನ. ಪರವಾಗಿಲ್ಲ, ನಿಧಾನವಾಗಿಯೇ ಓದು.

ಮೊದಲು ಒಂದು ಮಾತು. ಎಲ್ಲ ಗುಂಪಿಗೂ ಕಚೇರಿ ಸಿಗುವುದಿಲ್ಲ ಅಂತ ಶಿಬಿರದವರು ಮೊದಲ ದಿನವೇ ಹೇಳಬೇಕಿತ್ತು. ಗೋಡೆಯ ಮೇಲಿನ ಕಾಗದ ನೋಡಿ ನಿಮಗೆ ತಿಳಿಯಬಾರದಿತ್ತು. ಅದಕ್ಕೆ ನಿನಗೆ ಬಂದ ಸಿಟ್ಟು ಸರಿಯಾದದ್ದೇ. ಆದರೆ "ವೇಸ್ಟ್" ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮೂರ ಹಳೆಯ ಚರ್ಚಿನಲ್ಲಿ ಜುಲೈ ತಿಂಗಳಲ್ಲಿ ಎರಡು ವಾರ ನಡೆಯುತ್ತಿದ್ದ ಸಂಗೀತ ಉತ್ಸವ ನೆನಪಿದೆಯಾ? ನಿನಗಾಗ ಒಂಬತ್ತು ವರ್ಷ. ಬಂದ ಕಲಾವಿದರನ್ನೆಲ್ಲ ಹೋಟೆಲಿನಲ್ಲಿ ಇಳಿಸಲು ಉತ್ಸವದವರ ಹತ್ತಿರ ದುಡ್ಡಿರಲಿಲ್ಲ. ಊರಿನವರೇ ಮನೆಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಮೆರಿಕದ ಎಷ್ಟೋ ಬೇಸಿಗೆ ಉತ್ಸವಗಳು ನಡೆಯುವುದೇ ಹೀಗೆ. ನಮ್ಮ ಮನೆಗೆ ಬಂದವರು ನುಡಿಸುತ್ತಿದ್ದದ್ದು ವಯೋಲಾ, ವಯಲಿನ್‌ಗಿಂತ ಸ್ವಲ್ಪ ದೊಡ್ಡದು. ಅವರನ್ನು ನೀನು "ವಯೋಲಾ ಆಂಟಿ" ಅನ್ನುತ್ತಿದ್ದೆ. ತಿಳಿಸಾರನ್ನು ಮಗ್‌ನಲ್ಲಿ ಹಾಕಿಸಿಕೊಂಡು ಕಾಫಿಯ ಹಾಗೆ ಕುಡಿಯುತ್ತಿದ್ದರಲ್ಲ, ಅವರೇ.

ಅವರ ಜೊತೆ ನಾನೂ ಚರ್ಚಿಗೆ ಹೋಗಿ ಸ್ವಯಂಸೇವಕಿಯಾಗಿ ಸೇರಿಕೊಂಡೆ. ಕುರ್ಚಿ ಜೋಡಿಸುವುದು, ಸ್ಟ್ಯಾಂಡ್ ಇಡುವುದು, ನೀರು ತುಂಬಿಸುವುದು, ಪಿಯಾನೋದವರಿಗೆ ಹಾಳೆ ತಿರುಗಿಸುವುದು. ನಾಲ್ಕು ಬೇಸಿಗೆ ಮಾಡಿದೆ. ಕಚೇರಿಗಳನ್ನು ನೀನೂ ನೋಡಿದ್ದೀಯ. ಪರದೆಯ ಹಿಂದಿನದನ್ನು ನಾನು ನಿನಗೆ ಯಾವತ್ತೂ ಸರಿಯಾಗಿ ಹೇಳಲೇ ಇಲ್ಲ.

ಕುರ್ಚಿ ಜೋಡಿಸುವುದು ಏನು ಮಹಾ ಅಂದುಕೊಂಡಿದ್ದೆ. ಚೆಲ್ಲೋದವರಿಗೆ ಕೂರುವ ಹಲಗೆ ಹಿಂದಕ್ಕೆ ವಾಲಿದ ಕುರ್ಚಿ ಆಗುವುದೇ ಇಲ್ಲ. ನಿನಗೆ ಗೊತ್ತೇ ಇದೆ, ನಾನು ಕಲಿತದ್ದು ಆಗ. ಒಂದು ಕುರ್ಚಿಯನ್ನು ನಾಲ್ಕು ಬೆರಳು ಈಚೆಗೆ ಎಳೆದರೂ ಅವರಿಗೆ ಪಕ್ಕದವರ ಕಮಾನು ಕಾಣದೆ ಹೋಗುತ್ತದೆ. ಅದಕ್ಕೆ ಅಭ್ಯಾಸ ಮುಗಿದ ತಕ್ಷಣ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡುತ್ತಿದ್ದೆವು. ಚೆಲ್ಲೋವನ್ನು ನೆಲಕ್ಕೆ ಊರುವ ಮೊಳೆ ಜಾರದ ಹಾಗೆ ನೋಡಬೇಕು. ಪ್ರತಿ ಸ್ಟ್ಯಾಂಡಿನ ಮೇಲೂ ಪೆನ್ಸಿಲ್ ಇರಬೇಕು. ಪೆನ್ ಇಡಬಾರದು, ಯಾಕೆಂದರೆ ಇವತ್ತು ಬರೆದದ್ದನ್ನು ನಾಳೆ ಅಳಿಸುತ್ತಾರೆ.

ಜುಲೈ ತಿಂಗಳ ಸೆಕೆ ಬೇರೆ. ಗಾಳಿಯಲ್ಲಿ ನೀರಿನಂಶ ಏರಿದರೆ ಮರ ಉಬ್ಬುತ್ತದೆ, ಬಿರಡೆ ಕಚ್ಚಿಕೊಂಡು ತಿರುಗುವುದೇ ಇಲ್ಲ. ಒಮ್ಮೆ ಒಂದು ಚೆಲ್ಲೋದಿಂದ ಜಿರ್ ಅಂತ ಸದ್ದು. ಅಂಟು ಬಿಟ್ಟಿದೆಯಾ, ತಂತಿ ಸವೆದಿದೆಯಾ ಅಂತ ನುಡಿಸುತ್ತಿದ್ದ ಐದೂ ಜನ ಅದನ್ನು ತಟ್ಟಿ ತಟ್ಟಿ ನೋಡಿದರು. ಅರ್ಧ ಗಂಟೆ ಆಯಿತು. ಕೊನೆಗೆ ನೋಡಿದರೆ ನಾನು ತಂದಿಟ್ಟ ಸ್ಟ್ಯಾಂಡಿನ ಒಂದು ಸ್ಕ್ರೂ ಸಡಿಲವಾಗಿತ್ತು. ಒಂದು ಸ್ವರಕ್ಕೆ ಮಾತ್ರ ಅದು ಅದುರುತ್ತಿತ್ತು. ಬಿಗಿ ಮಾಡಿದೆ, ನಿಂತಿತು. ಯಾರೂ ನನ್ನನ್ನು ಬೈಯಲಿಲ್ಲ. ಆ ಸ್ವರಕ್ಕಾಗಿ ಅರ್ಧ ಗಂಟೆ ಹೋಯಿತು ಅಂತ ಯಾರಿಗೂ ಬೇಜಾರೂ ಇರಲಿಲ್ಲ.

ನಿನ್ನ ಕ್ವಿಂಟೆಟ್ಟನ್ನು ನಾನು ಮೊದಲು ಕೇಳಿದ್ದು ಅಲ್ಲೇ. ಎರಡನೇ ಭಾಗ, ಅಡಾಜಿಯೋ ಅನ್ನುವ ನಿಧಾನದ ಭಾಗ. ಎರಡನೇ ಚೆಲ್ಲೋ ನುಡಿಸುತ್ತಿದ್ದವರು ವಯಸ್ಸಾದವರು. "ನಾನು ಬರೀ ಮೀಟ್ತಾ ಕೂತಿರ್ತೀನಿ ಅಮ್ಮಾ, ಹಾಡೆಲ್ಲ ಬೇರೆಯವರದ್ದು" ಅಂತ ನೀನು ಮೊದಲ ವಾರ ಹೇಳಿದಾಗ ನನಗೆ ಅವರೇ ನೆನಪಾದರು. ಆ ಭಾಗ ಹೇಗಿದೆ ಅಂತ ನಿನಗೆ ಹೇಳಬೇಕಾಗಿಲ್ಲ. ಮಧ್ಯದ ಮೂರು ವಾದ್ಯಗಳು, ಎರಡನೇ ವಯಲಿನ್, ವಯೋಲಾ, ಮೊದಲ ಚೆಲ್ಲೋ, ಉಸಿರು ಹಿಡಿದ ಹಾಗೆ ನಿಧಾನವಾಗಿ ಹಾಡುತ್ತಿರುತ್ತವೆ. ಮೇಲೆ ಮೊದಲ ವಯಲಿನ್ ತುಂಡು ತುಂಡಾಗಿ ಏನೋ ಹೇಳುತ್ತದೆ. ಕೆಳಗೆ ನೀನು.

ಆ ಹಿರಿಯರು ಏನು ಮಾಡಿದರು ಗೊತ್ತಾ? "ನೀವು ಮೂವರು ಮಾತ್ರ ನುಡಿಸಿ" ಅಂದರು. ಚೆಲ್ಲೋಗೆ ತಲೆ ಒರಗಿಸಿಕೊಂಡು ಸುಮ್ಮನೆ ಕೂತರು. ಮೂವರೂ ನುಡಿಸಿದರು. ಇನ್ನೊಂದು ಸಲ ಅಂದರು. ಮತ್ತೆ ನುಡಿಸಿದರು. ಮೂರನೇ ಸಲ ಇವರು ಸೇರಿಕೊಂಡರು. ಅಷ್ಟು ಹೊತ್ತಿಗೆ ಅವರ ಮೀಟು ಬದಲಾಗಿಬಿಟ್ಟಿತ್ತು. ಮೀಟಿದ ಮೇಲೆ ಎಡಗೈ ಬೆರಳನ್ನು ಎತ್ತದೆ, ತಂತಿಯ ಮೇಲೆ ಹಾಗೇ ಅಲುಗಿಸುತ್ತಾ ಬಿಡುತ್ತಿದ್ದರು. ನಾದ ತಾನಾಗಿ ಕರಗುವವರೆಗೆ ಉಳಿಯುತ್ತಿತ್ತು. ಆ ಮೂವರ ಹಾಡಿಗೆ ಕೆಳಗೆ ನೆಲ ಸಿಕ್ಕಿದ ಹಾಗಾಯಿತು. ನಾನು ನೀರಿನ ಜಗ್ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದೆ.

ಮುಂದೆ ಜಗಳವೂ ಆಯಿತು. ಬಿರುಗಾಳಿಯಂಥ ಮಧ್ಯದ ಭಾಗ ಮುಗಿದು ಮೊದಲ ಹಾಡು ವಾಪಸ್ ಬರುತ್ತದಲ್ಲ, ಅದಕ್ಕೆ ಮುಂಚೆ ಎಷ್ಟು ಹೊತ್ತು ನಿಲ್ಲಬೇಕು ಅಂತ. ಮೊದಲ ವಯಲಿನ್‌ನವರು ಉದ್ದ ಬೇಕು ಅಂದರು. ನಮ್ಮ ವಯೋಲಾ ಆಂಟಿ ಅಷ್ಟು ಬೇಡ ಅಂದರು. ದನಿ ಏರಿತು. ಆಮೇಲೆ ಆಂಟಿಯೇ "ಮೊದಲು ನಿಮ್ಮ ಥರ ನುಡಿಸೋಣ, ಪೂರ್ತಿ ಮನಸ್ಸಿಟ್ಟು" ಅಂದರು. ಅವರ ಮಾತು ತಪ್ಪು ಅಂತ ತೋರಿಸಲು ಬೇಕಂತಲೇ ಕೆಟ್ಟದಾಗಿ ನುಡಿಸಬಾರದು, ತನ್ನದೇ ಯೋಚನೆ ಅನ್ನುವ ಹಾಗೆ ನುಡಿಸಬೇಕು, ಅದು ಅವರೊಳಗಿನ ರೂಢಿಯಂತೆ. ಹಾಗೇ ನುಡಿಸಿದರು. ಆಮೇಲೆ ಇವರ ಥರ. ಎರಡು ಸಾಲಿಗೆ ಐವತ್ತು ನಿಮಿಷ. ಯಾರ ಮಾತು ಗೆದ್ದಿತು ಅಂತ ನನಗೆ ಕೊನೆಗೂ ಗೊತ್ತಾಗಲಿಲ್ಲ. ಕಚೇರಿಯ ದಿನ ಎರಡೂ ಅಲ್ಲದ ಇನ್ನೊಂದು ಥರ ನುಡಿಸಿದರು.

ಕಚೇರಿಯೂ ಚೆನ್ನಾಗಿತ್ತು. ಚಪ್ಪಾಳೆ ಬಿತ್ತು, ಜನ ಎದ್ದು ನಿಂತರು. ಆದರೆ ಏಳು ವರ್ಷದ ಮೇಲೂ ನನಗೆ ನೆನಪಿರುವುದು ಆ ಮಧ್ಯಾಹ್ನ. ಅದನ್ನು ಕೇಳಿದ್ದು ಅವರು ಐದು ಜನ, ಜೊತೆಗೆ ಜಗ್ ಹಿಡಿದ ನಾನು.

ಆ ಬೇಸಿಗೆ ವಯೋಲಾ ಆಂಟಿ ನಮಗೆ ಮಾರ್ಲ್‌ಬರೋ ಸಂಗೀತ ಉತ್ಸವಕ್ಕೆ ಹೋಗಿ ಬನ್ನಿ ಅಂದರು. ಒಂದು ಭಾನುವಾರ ನಾನೂ ಅಪ್ಪನೂ ಹೋಗಿದ್ದೆವು, ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು. ವರ್ಮಾಂಟ್‌ನ ಗುಡ್ಡದ ಮೇಲಿನ ಜಾಗ. ದಾರಿಯಲ್ಲಿ ಒಂದು ಬೋರ್ಡ್ ಇದೆ: ನಿಧಾನ, ಇಲ್ಲಿ ಸಂಗೀತಗಾರರು ಆಡುತ್ತಿದ್ದಾರೆ ಅನ್ನುವ ಅರ್ಥದ್ದು. 1951ರಲ್ಲಿ ಅದನ್ನು ಶುರು ಮಾಡಿದವರಲ್ಲಿ ಪಿಯಾನೋದ ರುಡಾಲ್ಫ್ ಸರ್ಕಿನ್, ಅವರ ಮಾವ, ವಯಲಿನ್‌ನ ಅಡಾಲ್ಫ್ ಬುಶ್, ಕೊಳಲಿನ ಮಾರ್ಸೆಲ್ ಮೊಯಿಸ್ ಇದ್ದರು. ಸರ್ಕಿನ್ ಯಹೂದಿ. ಬುಶ್ ಯಹೂದಿಯಲ್ಲ, ಆದರೂ ಹಿಟ್ಲರ್ ಬಂದ ಮೇಲೆ ಜರ್ಮನಿಯಲ್ಲಿ ನುಡಿಸುವುದಿಲ್ಲ ಅಂತ ನಿಂತವರು. ಊರು ಬಿಟ್ಟು ಬಂದವರು ಕಟ್ಟಿದ ಜಾಗ ಅದು. ಊರು ಬಿಟ್ಟು ಬಂದ ನನಗೆ ಅದು ತಟ್ಟಿತು.

ಅಲ್ಲಿನ ಪದ್ಧತಿ ಕೇಳು. ಏಳು ವಾರ. ದೊಡ್ಡ ಹೆಸರಿನವರು, ಈಗಷ್ಟೇ ಕಾಲೇಜು ಮುಗಿಸಿದವರು, ಎಲ್ಲ ಒಂದೇ ಗುಂಪಿನಲ್ಲಿ ಕೂತು ನುಡಿಸುತ್ತಾರೆ. ಬೇಕಾದಷ್ಟು ದಿನ ಒಂದೇ ಕೃತಿಯನ್ನು ತಿದ್ದಬಹುದು. ಬೇರೆ ಕಡೆ ಎರಡು ಮೂರು ಸಲ ಸೇರಿ ಅಭ್ಯಾಸ ಮಾಡಿ ವೇದಿಕೆ ಹತ್ತುವುದೇ ಜಾಸ್ತಿ. ಇಲ್ಲಿ ವಾರಕೊನೆಯ ಕಚೇರಿಗೆ ಏನು ಬರುತ್ತದೆ ಅಂತ ತಿಂಗಳುಗಟ್ಟಲೆ ಮುಂಚೆ ನಿರ್ಧಾರ ಮಾಡುವುದೇ ಇಲ್ಲ. ಮಾಗಿದ್ದು ಬರುತ್ತದೆ. ಅಭ್ಯಾಸ ಮಾಡಿದ ಕೃತಿಗಳಲ್ಲಿ ಹೆಚ್ಚಿನವು ವೇದಿಕೆಗೆ ಬರುವುದೇ ಇಲ್ಲ, ಪುಟ್ಟಿ. ಚೆಲ್ಲೋದ ಪಾಬ್ಲೊ ಕಸಾಲ್ಸ್ ನಿನ್ನ ಗೋಡೆಯ ಮೇಲಿದ್ದಾರಲ್ಲ, ಅವರು 1960ರಲ್ಲಿ, 83ನೇ ವಯಸ್ಸಿನಲ್ಲಿ, ಅಲ್ಲಿಗೆ ಬಂದು ಆಮೇಲೂ ಬೇಸಿಗೆಯಲ್ಲಿ ಬರುತ್ತಲೇ ಇದ್ದರು. ಗ್ವಾರ್ನೇರಿ ಕ್ವಾರ್ಟೆಟ್ ಅನ್ನುವ ನಾಲ್ಕು ಜನರ ತಂಡ ಹುಟ್ಟಿದ್ದೂ ಅಲ್ಲೇ, 1964ರಲ್ಲಿ. ಮುಂದೆ 45 ವರ್ಷ ಆ ತಂಡ ನುಡಿಸಿತು.

ಊಟದ ಮನೆಯಲ್ಲಿ ಬಡಿಸುವ ಸರದಿ ಕಲಾವಿದರದ್ದೇ. ಕಾಗದದ ನ್ಯಾಪ್‌ಕಿನ್ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಾರಂತೆ, ಹಿರಿಯರು ಕಿರಿಯರು ಅಂತ ನೋಡದೆ. ನನಗೆ ಇದು ಬರೀ ಹುಡುಗಾಟ ಅನ್ನಿಸುವುದಿಲ್ಲ. ಮಧ್ಯಾಹ್ನ ಊಟದಲ್ಲಿ ಉಂಡೆ ಎಸೆದವರಿಗೆ ಮೂರು ಗಂಟೆಗೆ "ಇಲ್ಲಿ ನಿಮ್ಮ ಶ್ರುತಿ ಸ್ವಲ್ಪ ಕೆಳಗಿದೆ" ಅನ್ನುವ ಧೈರ್ಯ ಬರುತ್ತದೆ. ನಿಮ್ಮ ಗುಂಪಿನಲ್ಲಿ ಆ ಧೈರ್ಯ ಬಂದದ್ದು ಎಷ್ಟನೇ ದಿನಕ್ಕೆ? ಏಳನೇ ದಿನ ನೀನು ಮೊದಲ ವಯಲಿನ್ ಹುಡುಗಿಗೆ "ನೀನು ಓಡ್ತಾ ಇದ್ದೀಯ" ಅಂದೆ, ಅವಳು ಒಪ್ಪಿಕೊಂಡಳು ಅಂತ ಎಷ್ಟು ಖುಷಿಯಿಂದ ಫೋನ್ ಮಾಡಿದ್ದೆ! ಅದೂ ಪಟ್ಟಿಯಲ್ಲಿ ಬರುವಂಥದ್ದಲ್ಲ.

ಇನ್ನು ಶೂಬರ್ಟ್. ಅವನು ಈ ಕ್ವಿಂಟೆಟ್ ಬರೆದದ್ದು 1828ರಲ್ಲಿ. ಅಕ್ಟೋಬರ್ ಶುರುವಿನಲ್ಲಿ ಪ್ರಕಾಶಕರೊಬ್ಬರಿಗೆ ಕಾಗದ ಬರೆದ, ಇಂಥದ್ದೊಂದು ಇದೆ, ಇನ್ನು ಕೆಲವು ದಿನಗಳಲ್ಲಿ ನುಡಿಸಿ ನೋಡುತ್ತೇವೆ ಅಂತ. ಅವರು ತೆಗೆದುಕೊಳ್ಳಲಿಲ್ಲ. ನವೆಂಬರ್ 19ಕ್ಕೆ ಅವನು ತೀರಿಕೊಂಡ. 31 ವರ್ಷ. ಜನರ ಮುಂದೆ ಅದು ಮೊದಲು ಬಂದದ್ದು 1850ರಲ್ಲಿ, ವಿಯೆನ್ನಾದಲ್ಲಿ, ಹೆಲ್ಮೆಸ್‌ಬರ್ಗರ್ ಅವರ ತಂಡದಿಂದ. ಅಚ್ಚಾದದ್ದು 1853ರಲ್ಲಿ. ನೀನು ಹನ್ನೆರಡು ದಿನ ತೊಡೆಗಳ ನಡುವೆ ಹಿಡಿದು ಕೂತ ಸಂಗೀತವೇ ಇಪ್ಪತ್ತೆರಡು ವರ್ಷ ಯಾವ ಕಚೇರಿಯ ಪಟ್ಟಿಯಲ್ಲೂ ಇರಲಿಲ್ಲ. ಅಷ್ಟು ವರ್ಷ ಅದು ಏನಾಗಿತ್ತು? ವೇಸ್ಟ್ ಆಗಿತ್ತಾ?

ನಿನ್ನ ತಾತನ ವಿಷಯ ಹೇಳದೆ ಇರಲಾರೆ. ತಾತ ಮೈಸೂರಿನಲ್ಲಿ ಪಿಟೀಲು ನುಡಿಸುತ್ತಿದ್ದರು ಅಂತ ಗೊತ್ತು. ಪಕ್ಕವಾದ್ಯ. ರಾಮನವಮಿಯ ಪೆಂಡಾಲುಗಳಲ್ಲಿ ಎಷ್ಟೋ ಸಲ ಹಾಡುವವರನ್ನು ಅವರು ಮೊದಲು ನೋಡುತ್ತಿದ್ದದ್ದೇ ವೇದಿಕೆಯ ಮೇಲೆ. ನಮ್ಮಲ್ಲಿ ನಿಮ್ಮ ಹಾಗೆ ಸೇರಿ ಅಭ್ಯಾಸ ಮಾಡುವುದು ಕಡಿಮೆ. ಇವತ್ತು ಏನು ಹಾಡುತ್ತಾರೆ ಅಂತಲೂ ಗೊತ್ತಿರುವುದಿಲ್ಲ. ರಾಗ ಎತ್ತಿದ ತಕ್ಷಣ ಹಿಡಿದುಕೊಂಡು ಹಿಂದೆ ಹೋಗಬೇಕು. ಹಾಗಾಗಿ ತಾತ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಾಧನೆ ಮಾಡುತ್ತಿದ್ದರು. ನಾನು ಚಾಪೆಯಲ್ಲಿ ಮಲಗಿಕೊಂಡೇ ಕೇಳುತ್ತಿದ್ದೆ.

ಒಂದು ರಾಗವನ್ನು ಅವರು ವರ್ಷಗಟ್ಟಲೆ ನುಡಿಸುತ್ತಿದ್ದರು. "ಇದನ್ನು ಯಾರೂ ಹಾಡೋದಿಲ್ಲವಲ್ಲ ಅಪ್ಪ, ಯಾಕೆ ದಿನಾ ನುಡಿಸ್ತೀಯ?" ಅಂತ ಕೇಳಿದ್ದೆ. ಅವರು ಉತ್ತರ ಹೇಳಲಿಲ್ಲ. ಕಮಾನಿಗೆ ರಾಳ ಹಚ್ಚಿಕೊಂಡು ಮತ್ತೆ ಅದನ್ನೇ ಶುರು ಮಾಡಿದರು. ಅವರ ಯಾವ ಕಚೇರಿಯಲ್ಲೂ ನಾನು ಆ ರಾಗ ಕೇಳಲಿಲ್ಲ. ಆದರೆ ಅವರ ಪಿಟೀಲು ಅಂದರೆ ನನಗೆ ಇವತ್ತಿಗೂ ಕೇಳಿಸುವುದು ಅದೇ, ಮುಚ್ಚಿದ ಬಾಗಿಲಿನ ಆಚೆಯಿಂದ.

ಸರಿ, ಈಗ ಕೆಲಸದ ಮಾತು. ಶನಿವಾರ ಬೇರೆಯವರ ಕಚೇರಿಗೆ ತಪ್ಪಿಸಿಕೊಳ್ಳಬೇಡ, ಹೋಗು. ಹಿಂದೆ ನಿಂತು ಕುರ್ಚಿ ಜೋಡಿಸಲು ಜನ ಬೇಕಾ ಅಂತ ಕೇಳು. ಅಲ್ಲಿಂದ ಕೇಳುವುದೇ ಬೇರೆ ಥರ. ಮಳೆ ಬರುವ ಹಾಗಿದ್ದರೆ ಚೆಲ್ಲೋವನ್ನು ಕಿಟಕಿಯ ಹತ್ತಿರ ಇಡಬೇಡ.

ಭಾನುವಾರ ನಿನ್ನನ್ನು ಕರೆದುಕೊಂಡು ಬರಲು ನಾವು ಹನ್ನೊಂದಕ್ಕೆ ಬರಬೇಕಿತ್ತಲ್ಲ, ಒಂಬತ್ತಕ್ಕೇ ಬರುತ್ತೇವೆ. ನಿನ್ನ ನಾಲ್ಕು ಜನ ಸ್ನೇಹಿತರನ್ನು ಕೇಳಿ ನೋಡು. ಅವರಿಗೂ ಇಷ್ಟವಿದ್ದರೆ, ಅಭ್ಯಾಸದ ಕೋಣೆ ಖಾಲಿ ಇದ್ದರೆ, ಅಡಾಜಿಯೋ ಒಂದನ್ನು ನುಡಿಸಿ. ನಮಗೆ ಅಂತ ಬೇಡ. ಹನ್ನೆರಡು ದಿನ ಹೇಗೆ ನುಡಿಸಿದಿರೋ ಹಾಗೆ, ಮಧ್ಯೆ ನಿಲ್ಲಿಸಿ ಜಗಳವಾಡಬೇಕು ಅನ್ನಿಸಿದರೆ ಆಡಿಕೊಂಡು. ನಾನೂ ಅಪ್ಪನೂ ಬಾಗಿಲ ಹತ್ತಿರ ಕೂರುತ್ತೇವೆ. ಕುರ್ಚಿ ನಾನೇ ಜೋಡಿಸುತ್ತೇನೆ, ನಿನ್ನದಕ್ಕೆ ಹಲಗೆ ಸಮ ಇರುವುದನ್ನೇ ಹುಡುಕುತ್ತೇನೆ.

ಐದು ಡಬ್ಬಿ ಚಿತ್ರಾನ್ನ ತರುತ್ತೇನೆ. ವಯೋಲಾ ಹುಡುಗನಿಗೆ ಕಡಲೆಕಾಯಿ ಆಗುವುದಿಲ್ಲ ಅಂದಿದ್ದೆಯಲ್ಲ, ಅದಕ್ಕೆ ಈ ಸಲ ಒಗ್ಗರಣೆಗೆ ಬರೀ ಕಡಲೆಬೇಳೆ, ಉದ್ದಿನಬೇಳೆ.

ಇಂತಿ ನಿನ್ನ,
ಅಮ್ಮ