ಹಾಳೆಯ ಮೇಲಿನ ಚೌಕ, ವೃತ್ತ

ಸಂಪಾದಕರೇ,

ನನ್ನ ಮೊಮ್ಮಗನಿಗೆ ಏಳು ವರ್ಷ. ನೆಲದಿಂದ ಏಳುವಾಗ ಕೈಗಳನ್ನು ಮೊದಲು ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಾನೆ. ಡುಶೆನ್ ಸ್ನಾಯುಕ್ಷಯ ಎಂದು ವೈದ್ಯರು ಹೆಸರು ಹೇಳಿದರು. ಹೆಚ್ಚು ವಿವರಿಸಲು ಅವರಿಗೆ ಪುರುಸೊತ್ತಿರಲಿಲ್ಲ; ಹೊರಗೆ ಅಷ್ಟು ಜನ ಕಾದಿದ್ದರು.

ಉಳಿದದ್ದನ್ನು ನೆಂಟರು ವಿವರಿಸಿದರು. ಹಿರಿಯ ಮಗಳನ್ನು ನನ್ನ ತಮ್ಮನಿಗೇ ಕೊಟ್ಟಿದ್ದೇನೆ. ‘ಸೋದರಮಾವನಿಗೆ ಕೊಟ್ಟರೆ ಇನ್ನೇನಾಗುತ್ತದೆ’ ಎಂದರು. ಎರಡು ವರ್ಷ ನಾನೂ ಅದನ್ನೇ ನಂಬಿ ಕೊರಗಿದೆ.

ಕಳೆದ ವರ್ಷ ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲರ್ (ವಂಶದಲ್ಲಿ ಹರಿಯುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಒಬ್ಬರನ್ನು ಕಂಡೆವು. ಆಕೆ ಒಂದು ಹಾಳೆ ತೆಗೆದು, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತ ಮೂರು ತಲೆಮಾರಿನ ವಿಚಾರ ಕೇಳಿದರು. ಮಗಳು, ಅಳಿಯನ ನಡುವೆ ಜೋಡಿ ಗೆರೆ. ರಕ್ತಸಂಬಂಧದ ಮದುವೆಗೆ ಹಾಗೆ ಎಳೆಯುತ್ತಾರಂತೆ. ‘ಎಳೆಯ ವಯಸ್ಸಿನಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?’ ಎಂದಾಗ, ಕಾಲು ಸೋತು ಹದಿನಾರಕ್ಕೇ ಹೋದ ನನ್ನ ಅಣ್ಣ ನೆನಪಾದ. ಪೋಲಿಯೊ ಎಂದುಕೊಂಡಿದ್ದೆವು. ಆ ಚೌಕಕ್ಕೂ ಮೊಮ್ಮಗನ ಚೌಕಕ್ಕೂ ಮಸಿ ತುಂಬಿದಾಗ ನಡುವಿನ ದಾರಿ ಕಾಣಿಸಿತು: ಅಮ್ಮ, ನಾನು, ಮಗಳು. ಈ ಕಾಯಿಲೆ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಬರುವಂಥದ್ದು. ಪರಸ್ಥಳದ ಗಂಡು ತಂದಿದ್ದರೂ ಬರಬಹುದಿತ್ತು. (ಆದರೆ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯಂತೆ, ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಣಿಸುವ ಕಾಯಿಲೆಗಳಿಗೆ ಒಳಸಂಬಂಧದಲ್ಲಿ ಅಪಾಯ ಹೆಚ್ಚು ಎಂದೂ ಹೇಳಿದರು.) ಹೊರೆ ಇಳಿಯಿತು ಎನ್ನಲಾರೆ, ಹೆಗಲು ಬದಲಿಸಿತು.

ವಾಹಕಿಯಾದ, ಅಂದರೆ ಸಾಮಾನ್ಯವಾಗಿ ತನಗೆ ಕಾಯಿಲೆಯಿಲ್ಲದಿದ್ದರೂ ದೋಷ ಹೊತ್ತಿರುವ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಈ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ. ಗರ್ಭ ನಿಂತ 11–13 ವಾರದಲ್ಲೇ ಪರೀಕ್ಷೆ ಮಾಡಬಹುದು, ಆದರೆ ಕುಟುಂಬದ ಜೀನಿನಲ್ಲಿರುವ ದೋಷ ಯಾವುದೆಂದು ಅಷ್ಟರೊಳಗೆ ಗೊತ್ತಾಗಿರಬೇಕು. ಅದಕ್ಕೇ ಬಸುರಾಗುವ ಮೊದಲೇ ಹೋಗಬೇಕು. ಮಾಡಿಸಿ ಎಂದಾಗಲೀ ಬೇಡವೆಂದಾಗಲೀ ಆಕೆ ಹೇಳಲಿಲ್ಲ. ತೀರ್ಮಾನವನ್ನು ಮಗಳಿಗೂ ಅಳಿಯನಿಗೂ ಬಿಟ್ಟರು.

1994ರ ಲಿಂಗಪತ್ತೆ ನಿಷೇಧ ಕಾಯ್ದೆಯಲ್ಲೇ ‘ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರ’ ಎಂಬ ಹೆಸರಿದೆ. ನಮ್ಮೂರಿನ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಕಾಯ್ದೆಯ ಫಲಕ ನೇತಾಡುತ್ತಿದೆ; ಕೂರಿಸಿ ಮಾತಾಡುವವರು ಇಲ್ಲ. ಮತ್ತೆ ಮತ್ತೆ ಗರ್ಭ ಇಳಿದವರು, ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್ ಕಂಡ ಮನೆಯವರು, ಸೋದರಿಕೆಯಲ್ಲಿ ಮದುವೆ ಗೊತ್ತು ಮಾಡುವವರು ಎಲ್ಲರೂ ರೈಲು ಹತ್ತಲಾರರು. ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಇಂಥ ಕೌನ್ಸೆಲರ್ ಒಬ್ಬರು ಸಿಗುವಂತೆ ಆರೋಗ್ಯ ಇಲಾಖೆ ಮಾಡಲಿ.

ಕಿರಿಯ ಮಗಳಿಗೆ ಗಂಡು ನೋಡುತ್ತಿದ್ದೇವೆ. ಅವಳೂ ವಾಹಕಿಯೇ ಎಂದು ತಿಳಿಯಲು ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾಳೆ. ವರದಿ ಬಂದಿದೆ. ಅದರಲ್ಲೇನಿದೆ ಎಂದು ಇಲ್ಲಿ ಬರೆಯುವುದಿಲ್ಲ, ಅದು ಅವಳದು.

– ನಿವೃತ್ತ ಶಿಕ್ಷಕಿ, ಅರಸೀಕೆರೆ