ಏಪ್ರಿಲ್ 1ರಿಂದ ದರ ಬದಲಾವಣೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಏಪ್ರಿಲ್ 1ರಿಂದ ಮದುವೆಗಳಿಗೆ ಬಾಡಿಗೆ ನೆಂಟರನ್ನು ಕಳುಹಿಸುವ ನಮ್ಮ ಸಂಸ್ಥೆಯ ಒಬ್ಬ ಕಲಾವಿದರ ನಾಲ್ಕು ಗಂಟೆಯ ಶುಲ್ಕ 20,000 ಯೆನ್‌ನಿಂದ 24,000 ಯೆನ್‌ಗೆ ಏರಲಿದೆ. ಮದುವೆಗೆ ತಂದೆ, ತಾಯಿ ಅಥವಾ ಹತ್ತಿರದ ನೆಂಟರಾಗಿ ಬರುವವರನ್ನು ನೀವು ಮುಂಚಿತವಾಗಿ ಒಮ್ಮೆ ಭೇಟಿಯಾಗುವುದು ಇನ್ನು ಕಡ್ಡಾಯ. ಆ ಭೇಟಿಯ ಖರ್ಚು ಹೊಸ ಶುಲ್ಕದಲ್ಲೇ ಸೇರಿದೆ. ಈ ಪತ್ರವೂ ಎಂದಿನಂತೆ ನಮ್ಮ ಹೆಸರಿಲ್ಲದ ಬಿಳಿ ಲಕೋಟೆಯಲ್ಲೇ ಬಂದಿದೆ. ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟವಾದರೆ ಓದಿ ಹರಿದುಹಾಕಿ.

ಮೊದಲು ಕ್ಷಮೆ ಕೇಳಬೇಕು. ಕಳೆದ ನವೆಂಬರ್‌ನಲ್ಲಿ ಒಂದು ಮದುವೆಗೆ ಚಿಕ್ಕಪ್ಪನಾಗಿ ಹೋಗಿದ್ದ ನಮ್ಮವರು ಹಾರೈಕೆಯ ಮಾತಿಗೆ ಎದ್ದು ನಿಂತು ವಧುವಿನ ಹೆಸರನ್ನೇ ತಪ್ಪಾಗಿ ಕರೆದರು. ಬರೆಯುವ ಕಾಂಜಿ ಲಿಪಿಯ ಅಕ್ಷರ ಒಂದೇ, ಓದುವ ಬಗೆ ಎರಡು. ನಮ್ಮ ನಮೂನೆಯಲ್ಲಿ ಉಚ್ಚಾರ ಬರೆಸಿಕೊಳ್ಳಲು ಜಾಗವೇ ಇರಲಿಲ್ಲ. ಆ ತಪ್ಪು ನನ್ನದು. ವಧು ಥಟ್ಟನೆ ನಕ್ಕು, ‘ಚಿಕ್ಕಪ್ಪ ಮೊದಲಿನಿಂದಲೂ ನನ್ನನ್ನು ಹೀಗೇ ಕರೆಯುವುದು’ ಎಂದು ಪರಿಸ್ಥಿತಿಯನ್ನು ಉಳಿಸಿದರು. ನಾವು ಮಾಡಬೇಕಾದ ಕೆಲಸವನ್ನು ಅವರು ತಮ್ಮ ಮದುವೆಯ ದಿನ ತಾವೇ ಮಾಡಬೇಕಾಯಿತು. ಹಣವನ್ನು ಪೂರ್ತಿ ಹಿಂದಿರುಗಿಸಿದ್ದೇವೆ. ಆದರೂ ಆ ಅರ್ಧ ನಿಮಿಷ ನೆನಪಾದರೆ ನನಗೆ ಈಗಲೂ ನಿದ್ದೆ ಹತ್ತುವುದಿಲ್ಲ.

ಇನ್ನು ದರದ ಮಾತು. ದೂರವಾಣಿಯಲ್ಲಿ ಒಂದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ: ‘ಕುಳಿತು ಊಟ ಮಾಡಿ ಎದ್ದು ಬರುವುದಕ್ಕೆ ಇಷ್ಟು ಹಣವೇ?’ ಕೇಳಿದವರ ಮೇಲೆ ನನಗೆ ಕೋಪವಿಲ್ಲ. ಆದರೆ ಉತ್ತರವನ್ನು ಪೂರ್ತಿ ಹೇಳದೆ ಬಿಡಲಾರೆ.

ಕಳೆದ ವಸಂತದಲ್ಲಿ ಯೋಕೊಹಾಮಾದಲ್ಲಿ ಒಂದು ಮದುವೆ. ತಾಯಿಯಾಗಿ ಹೋಗಿದ್ದವರು ನಮ್ಮಲ್ಲಿ ಎಲ್ಲರಿಗಿಂತ ಹಳಬರು. ವಧುವಿನ ಶಾಲೆ, ಊರು, ಸಾಕಿದ್ದ ನಾಯಿ, ಮೊಣಕಾಲಿನ ಗಾಯದ ಗುರುತು ಎಲ್ಲವೂ ಇದ್ದ ಹನ್ನೆರಡು ಪುಟಗಳ ಕಡತವನ್ನು ಅವರು ಬಾಯಿಪಾಠ ಮಾಡಿದ್ದರು. ವರನ ಕಡೆಯ ಹಿರಿಯ ಹೆಂಗಸೊಬ್ಬರು ಬಿಯರ್ ಬಗ್ಗಿಸುತ್ತಾ, ‘ಚಿಕ್ಕವಳಿದ್ದಾಗ ಊಟಕ್ಕೆ ಹಟ ಮಾಡುತ್ತಿದ್ದಳೇ?’ ಎಂದು ಕೇಳಿದರು. ಕಡತದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಮ್ಮವರು ತಡವರಿಸಲಿಲ್ಲ: ‘ಶಿಯಿಟಾಕೆ ಅಣಬೆ ಒಂದು ಬಿಟ್ಟು ಏನು ಕೊಟ್ಟರೂ ತಿನ್ನುತ್ತಿದ್ದಳು. ಇಂದಿಗೂ ಅದನ್ನು ಬಟ್ಟಲಿನ ಅಂಚಿಗೆ ಸರಿಸಿ, ಮೇಲೆ ಈರುಳ್ಳಿ ಸೊಪ್ಪು ಮುಚ್ಚುತ್ತಾಳೆ.’ ಮೇಜಿನಿಂದ ಮೇಜಿಗೆ ಬರುತ್ತಿದ್ದ ವರ ಅದನ್ನು ಕೇಳಿ ‘ನಿಜ, ನಿಜ’ ಎಂದು ನಕ್ಕರಂತೆ.

ಅವರಿಗೆ ಅದು ಹೇಗೆ ಗೊತ್ತಾಯಿತು? ಎರಡು ವಾರ ಮೊದಲು ತಮ್ಮದೇ ರೈಲು ಖರ್ಚಿನಲ್ಲಿ ಹೋಗಿ ಆ ಹುಡುಗಿಯ ಜೊತೆ ಕುಳಿತು ಉದೊನ್ ನೂಡಲ್ಸ್ ತಿಂದಿದ್ದರು. ಆ ಮಧ್ಯಾಹ್ನಕ್ಕೆ ನಾವು ಅವರಿಗೆ ಒಂದು ಯೆನ್ ಸಹ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಇಷ್ಟು ವರ್ಷ ನಮ್ಮ ದರ ಕಡಿಮೆಯಾಗಿ ಕಂಡಿದ್ದು ಇಂತಹ ಮಧ್ಯಾಹ್ನಗಳ ಬೆಲೆಯನ್ನು ಅವರು ತಮ್ಮ ಕೈಯಿಂದ ಕಟ್ಟುತ್ತಿದ್ದುದರಿಂದ. ಇನ್ನು ಹಾಗಾಗಬಾರದು.

ಕೆಲವರು ನಮ್ಮವರು ಅತಿಥಿಯಾಗಿ ಒಯ್ಯುವ ಗೋಶೂಗಿ (ಮದುವೆಯ ಮುಯ್ಯಿ) ಲಕೋಟೆಯ 30,000 ಯೆನ್ ಅನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿ ದುಬಾರಿ ಎನ್ನುತ್ತಾರೆ. ಆ ಹಣ ನಿಮ್ಮಿಂದ ಹೊರಟು, ಸ್ವಾಗತದ ಮೇಜಿನ ಮೂಲಕ ನಿಮಗೇ ಮರಳುತ್ತದೆ. ಅದನ್ನು ನಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಾವು ಕಳೆದ ಬಾರಿ ದರ ಏರಿಸಿದ್ದು 2019ರ ಅಕ್ಟೋಬರ್‌ನಲ್ಲಿ, ಬಳಕೆ ತೆರಿಗೆ ಶೇ. 10ಕ್ಕೆ ಏರಿದಾಗ. ಆಗ ಟೋಕಿಯೊದ ಕನಿಷ್ಠ ಕೂಲಿ ಗಂಟೆಗೆ 1,013 ಯೆನ್ ಇತ್ತು, 2025ರ ಅಕ್ಟೋಬರ್‌ನಲ್ಲಿ ಅದು 1,226 ಆಯಿತು. ಅದಕ್ಕಿಂತ ಭಾರವಾದದ್ದು 2023ರ ಅಕ್ಟೋಬರ್‌ನಲ್ಲಿ ಬಂದ, ತೆರಿಗೆ ಕಳೆಯಲು ನೋಂದಾಯಿತರ ಬಿಲ್ ಬೇಕೆನ್ನುವ ಇನ್‌ವಾಯ್ಸ್ ಪದ್ಧತಿ. ನಮ್ಮ ಕಲಾವಿದರು ಸಣ್ಣ ನಾಟಕ ತಂಡಗಳವರು. ಬಳಕೆ ತೆರಿಗೆಯ ಮಿತಿಯಾದ ವರ್ಷಕ್ಕೆ ಒಂದು ಕೋಟಿ ಯೆನ್ ವಹಿವಾಟು ಅವರಿಗೆ ಕನಸಿನ ಮಾತು, ಹಾಗಾಗಿ ತೆರಿಗೆ ನೋಂದಣಿ ಮಾಡಿಸಿಲ್ಲ. ನೋಂದಣಿ ಇಲ್ಲದವರಿಗೆ ಕೊಟ್ಟ ಹಣದ ಮೇಲಿನ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಿಂದ ಪೂರ್ತಿ ಕಳೆಯುವಂತಿಲ್ಲ. ವ್ಯತ್ಯಾಸವನ್ನು ಅವರ ಸಂಭಾವನೆಯಲ್ಲೇ ಮುರಿದುಕೊಳ್ಳಿ ಎಂದು ಬುದ್ಧಿ ಹೇಳಿದವರಿದ್ದಾರೆ. ನಾನು ಹಾಗೆ ಮಾಡಿಲ್ಲ, ಮಾಡುವುದೂ ಇಲ್ಲ. ಸ್ವತಂತ್ರ ದುಡಿಮೆಗಾರರಿಗೆ 60 ದಿನಗಳೊಳಗೆ ಹಣ ಕೊಡಬೇಕೆಂಬ ಕಾನೂನು ಬಂದದ್ದು 2024ರ ನವೆಂಬರ್‌ನಲ್ಲಿ. ನಮ್ಮಲ್ಲಿ ಮೊದಲಿನಿಂದಲೂ ತಿಂಗಳ ಕೊನೆಗೆ ಲೆಕ್ಕ ಚುಕ್ತಾ.

ಇನ್ನೊಂದು ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಒಮ್ಮೆ ನಿಮ್ಮ ತಂದೆಯಾಗಿ ನಿಂತವರು ಮುಂದೆಯೂ ನಿಮ್ಮ ತಂದೆಯೇ. ಮೊಮ್ಮಗು ಹುಟ್ಟಿದರೆ ಅವರೇ ಬರುತ್ತಾರೆ. ನಿಮ್ಮ ನೆಂಟರು ಓಡಾಡುವ ಊರಿನಲ್ಲಿ ಅವರನ್ನು ಇನ್ನೊಂದು ಮದುವೆಗೆ ಕಳುಹಿಸುವಂತಿಲ್ಲ. ಪಂಚಾಂಗದಲ್ಲಿ ಶುಭದಿನವಾದ ತೈಆನ್ ಶನಿವಾರಕ್ಕೆ ಬಿದ್ದರೆ ಎಲ್ಲರಿಗೂ ಅಂದೇ ಅಮ್ಮ ಬೇಕು, ನಮ್ಮಲ್ಲಿರುವ ಅಮ್ಮಂದಿರು ಕೆಲವರೇ.

ನಿಮ್ಮ ಗುಟ್ಟಿನ ಬಗ್ಗೆ ಕೇಳಿದವರಿಗೂ ಹೇಳುತ್ತೇನೆ. ನಮ್ಮ ವೃತ್ತಿಯ ಬಗ್ಗೆ ಟಿವಿಯಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಗ್ರಾಹಕರೆಂದು ತೋರಿಸಿದವರು ಆ ಬಾಡಿಗೆ ಸಂಸ್ಥೆಯವರೇ ಎಂದು 2019ರಲ್ಲಿ ಬಯಲಾಯಿತು. 2021ರಲ್ಲಿ ಅಮೆರಿಕದ ಒಂದು ವಾರಪತ್ರಿಕೆ ಇದೇ ವಿಷಯದ ಲೇಖನಕ್ಕೆ ಬಂದಿದ್ದ ಪ್ರಶಸ್ತಿಯನ್ನು ಹಿಂದಿರುಗಿಸಿತು. ವರದಿಗಾರರು ಇಲ್ಲಿಗೂ ಕರೆ ಮಾಡಿ ಗ್ರಾಹಕರೊಬ್ಬರನ್ನು ಮಾತನಾಡಿಸಿ ಎನ್ನುತ್ತಾರೆ. ನಿಜವಾದವರನ್ನೂ ಕೊಟ್ಟಿಲ್ಲ, ಸುಳ್ಳಿನವರನ್ನೂ ಕೊಟ್ಟಿಲ್ಲ. ನಿಮ್ಮ ಸ್ವಂತ ತಂದೆ ಏಕೆ ಬರುತ್ತಿಲ್ಲ ಎಂದು ನಾನು ಇಂದಿಗೂ ಕೇಳುವುದಿಲ್ಲ. ನೀವಾಗಿ ಹೇಳಿದ್ದು ನನ್ನಲ್ಲೇ ಉಳಿಯುತ್ತದೆ.

ಮಾರ್ಚ್ 31ರೊಳಗೆ ಕಾಯ್ದಿರಿಸಿದವರಿಗೆ ಹಳೆಯ ದರವೇ, ಭೇಟಿಯೂ ಉಂಟು. ಫೋನನ್ನು ಈಗಲೂ ನಾನೇ ಎತ್ತುತ್ತೇನೆ. ಮೇ ತಿಂಗಳ ಮದುವೆಗೆ ಅಮ್ಮನನ್ನು ಕೇಳಿದ್ದವರು ಕಿಮೋನೊದ ಬಗ್ಗೆ ಆತಂಕಪಟ್ಟಿದ್ದಿರಿ. ಐದು ಲಾಂಛನಗಳ ಆ ಕಪ್ಪು ಕಿಮೋನೊ ನಿನ್ನೆ ಒಗೆಯುವವರಿಂದ ಬಂದಿದೆ. ತೋಳಿನ ಮೇಲಿದ್ದ ಸೋಯಾ ಸಾಸ್ ಕಲೆ ಪೂರ್ತಿ ಹೋಗಿದೆ. ಕಿಟಕಿಯ ಬಳಿ ಗಾಳಿಗೆ ಹಾಕಿದ್ದೇನೆ.